ಗುರಲಿಂಗಪ್ಪ ಕಾಕಾ ಚಪ್ಪಾಳೆ ಹೊಡೆಯಲು ಕಲಿತದ್ದು

ನಮ್ಮ ಕಡೆಯವರು ಬಿಸಿಲಿಗೆ ಹೆದರುವುದಿಲ್ಲ. ತೊಂದರೆ ಇರುವುದೂ ಅಲ್ಲಿಯೇ. "ಬಿಸಲಂದ್ರ ನಮಗೇನ ಹೊಸದ?" ಎಂದು ತಲೆಗೆ ಟಾವೆಲ್ ಸುತ್ತಿಕೊಂಡು ಹೊರಟುಬಿಡುತ್ತೇವೆ. ಪ್ರತಿ ಬೇಸಿಗೆಯಲ್ಲೂ ಊರಿನ ಒಬ್ಬಿಬ್ಬರು ಹೊಲದಲ್ಲಿ ಕಣ್ಣಿಗೆ ಕತ್ತಲೆ ಬಂದು ಬೀಳುತ್ತಾರೆ. ಆಗ "ಪಿತ್ತ ಏರೇತಿ" ಎಂದು ಮೂಗಿಗೆ ಉಳ್ಳಾಗಡ್ಡಿ ಹಿಡಿದು, ಎದ್ದು ಕೂತ ಮೇಲೆ ಒಂದು ಕಪ್ ಚಹಾ ಕೊಟ್ಟು, ಅಲ್ಲಿಗೆ ಮರೆತುಬಿಡುತ್ತೇವೆ. ನಾನೂ ಹಾಗೆಯೇ ಇದ್ದೆ. ಹೋದ ಫೆಬ್ರುವರಿಯ ಕೊನೆಯ ಭಾನುವಾರದವರೆಗೆ.

ನಾನು ಅರಕೇರಿಯವಳು. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತನ್ನೆಲ್ಲ ಬರೆದಿಡುವ ಕೆಲಸ ನನ್ನದು. ಈಗ ಹೇಳುವ ಕಥೆ ನಮ್ಮ ಪಕ್ಕದ ತೋಟದ ಗುರಲಿಂಗಪ್ಪ ಕಾಕಾನದು. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟರೆ ಕಥೆ ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಅದನ್ನೂ ಹೇಳುತ್ತೇನೆ.

ಕಾಕಾನ ದ್ರಾಕ್ಷಿ ತೋಟ ಟಿಕೋಟಾ ರಸ್ತೆಗೆ ಹತ್ತಿಕೊಂಡೇ ಇದೆ. ತೋಟದ ಮುಂದೆ ದೊಡ್ಡ ಬೇವಿನ ಮರ. ಮನೆಯಲ್ಲಿ ಹೆಂಡತಿ ರೇಣುಕವ್ವ, ಮಗ ಸಂಗನಬಸವ, ಬಬಲೇಶ್ವರದಿಂದ ಬಂದ ಸೊಸೆ ಸೌಭಾಗ್ಯ, ಏಳು ವರ್ಷದ ಮೊಮ್ಮಗಳು ಆರತಿ. ಸಂಗನಬಸವ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತಿ ಮತ್ತೆ ಜೀವ ತುಂಬುವ ಕೆಲಸ. ಈಗ ಎರಡು ವರ್ಷದಿಂದ ದಿನಾ ಬೆಳಗ್ಗೆ ವಿಜಯಪುರದ ಕೆಲವರ ಜೊತೆ ಓಡುವ ರೂಢಿ ಮಾಡಿಕೊಂಡಿದ್ದಾನೆ. ಅವರಲ್ಲಿ ಶಾಲೆಯ ಮಾಸ್ತರರಿದ್ದಾರೆ, ಬ್ಯಾಂಕಿನ ಅಕ್ಕ ಇದ್ದಾಳೆ, ಔಷಧಿ ಅಂಗಡಿಯವರಿದ್ದಾರೆ. ಯಾರೂ ಪದಕಕ್ಕಾಗಿ ಓಡುವವರಲ್ಲ.

ಆ ಓಟಗಾರರ ಬಳಗದವರು ಒಂದು ಮ್ಯಾರಥಾನ್ ಇಟ್ಟುಕೊಂಡರು. ವಿಜಯಪುರದಿಂದ ಟಿಕೋಟಾ ಕಡೆಗೆ ಹೋಗಿ ತಿರುಗಿ ವಿಜಯಪುರಕ್ಕೆ ಬರುವ ನಲವತ್ತೆರಡು ಕಿಲೋಮೀಟರ್ ಓಟ. ಕಾಕಾನ ಬೇವಿನ ಮರ ಹೋಗುವಾಗ ಹನ್ನೆರಡನೆಯ ಕಿಲೋಮೀಟರಿಗೆ ಬರುತ್ತಿತ್ತು, ಮರಳಿ ಬರುವಾಗ ಮೂವತ್ತನೆಯದಕ್ಕೆ. ಮೂವತ್ತರಲ್ಲಿಯೇ ಹೆಚ್ಚಿನವರ ಕಾಲು ಸೋಲುತ್ತವಂತೆ, ಬಿಸಿಲೂ ಆ ಹೊತ್ತಿಗೇ ಏರುತ್ತದೆ. ಅದಕ್ಕೇ ನಮ್ಮೂರಿನ ಆಶಾ ಕಾರ್ಯಕರ್ತೆ ಸುಧಾರಾಣಿ ಓಟಕ್ಕೆ ಹತ್ತು ದಿನ ಮುಂಚೆ ಒಂದು ಸಂಜೆ ಕಾಕಾನ ಮನೆಗೆ ಬಂದಳು. ನಾನೂ ಅವಳ ಜೊತೆಗಿದ್ದೆ.

"ಕಾಕಾ, ನಿಮ್ಮ ಬೇವಿನ ಗಿಡದ ನೆರಳ ಒಂದ ದಿನ ಬೇಕಾಗೇತ್ರಿ," ಎಂದಳು ಸುಧಾರಾಣಿ.

"ನೆರಳಿಗೆ ಯಾವಾಗ ಬಾಗಲಾ ಹಾಕೇನಿ? ಬಂದು ಕೂಡ್ರಿ."

"ನೆರಳಿನ ಜೋಡಿ ನೀವೂ ಬೇಕ್ರಿ. ಓಡಾವ್ರಿಗೆ ನೀರ ಕೊಡಬೇಕು, ಚಪ್ಪಾಳಿ ಹೊಡದು ಹುರುಪ ತುಂಬಬೇಕು."

ಕಾಕಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ನೀರ ಕೊಡ್ತೇನಿ. ಚಪ್ಪಾಳಿ ಯಾಕ? ಅಲ್ಲ ಯವ್ವಾ, ಇವ್ರೇನ ಯಾರರ ಬೆನ್ನ ಹತ್ಯಾರಂತ ಓಡ್ತಾರ?"

"ಬೆನ್ನ ಹತ್ತಿದವ್ರ ಯಾರೂ ಇಲ್ರಿ. ಅದಕ್ಕ ನೋಡ್ರಿ ಇದು ಕಷ್ಟ."

"ನಾ ನಲವತ್ತ ವರ್ಷ ಬಿಸಲಾಗ ಗಳೆ ಹೊಡದೇನಿ. ಯಾರ ಬಂದು ಚಪ್ಪಾಳಿ ಹೊಡದಾರ?"

ಒಳಗಿನಿಂದ ರೇಣುಕವ್ವನ ದನಿ ಬಂತು. "ಹೊಡದಿದ್ರ ಇನ್ನ ಒಂದೆಕರೆ ಹೆಚ್ಚಿಗಿ ಹೊಡೀತಿದ್ರಿ."

ನಾವು ನಕ್ಕೆವು. ಕಾಕಾ ನಗಲಿಲ್ಲ. ಅವನ ಸಿಟ್ಟು ಚಪ್ಪಾಳೆಯ ಮೇಲೆ ಇರಲಿಲ್ಲ, ಓಟದ ಮೇಲೆಯೇ ಇತ್ತು. ಅದರ ಹಿಂದೆ ಒಂದು ಹಳೆಯ ಮಾತಿದೆ. ಸಂಗನಬಸವ ಹತ್ತನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಓಟದಲ್ಲಿ ಗೆದ್ದು, ಜಿಲ್ಲೆಯಲ್ಲೂ ಗೆದ್ದು, ಬೇರೆ ಊರಿನ ದೊಡ್ಡ ಪಂದ್ಯಕ್ಕೆ ಆಯ್ಕೆಯಾಗಿದ್ದ. ಹೊರಡುವ ದಿನವೇ ತೋಟದಲ್ಲಿ ಹಣ್ಣು ಕೊಯ್ಲಿಗೆ ಬಂದಿತ್ತು. ಆಳುಗಳು ಸಿಕ್ಕಿರಲಿಲ್ಲ. ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದ ಹುಡುಗನಿಗೆ ಇದೇ ಬೇವಿನ ಮರದ ಕೆಳಗೆ ಕಾಕಾ, "ನಿಂದ್ರು. ಹೋಗೂದ ಬ್ಯಾಡ," ಎಂದಿದ್ದ. ಹುಡುಗ ಎದುರಾಡಲಿಲ್ಲ. ಚೀಲ ಇಳಿಸಿ ಕತ್ತರಿ ಹಿಡಿದ. ಆಮೇಲೆ ಹದಿನೆಂಟು ವರ್ಷ ಅಪ್ಪನೂ ಮಗನೂ ಆ ಮಾತು ಎತ್ತಿರಲಿಲ್ಲ.

ಸುಧಾರಾಣಿಗೂ ಇದು ಗೊತ್ತಿತ್ತು. ಅವಳು ಮೆಲ್ಲಗೆ ಬೇರೆ ದಾರಿ ಹಿಡಿದಳು.

"ಕಾಕಾ, ಎತ್ತ ಬಿಸಲಾಗ ಸೋತೈತಿ ಅಂತ ನಿಮಗ ಹ್ಯಾಂಗ ಗೊತ್ತಾಗತೈತ್ರಿ?"

"ಅದೇನ ಕೇಳ್ತಿ? ಹೆಜ್ಜಿ ತಪ್ಪತೈತಿ. ನಾಲಿಗಿ ಹೊರಗ ಬೀಳತೈತಿ. ಮೂಗ ಒಣಗತೈತಿ. ಕರದ್ರ ತಿರಗಿ ನೋಡೂದಿಲ್ಲ. ತಕ್ಷಣ ನೊಗಾ ಇಳಿಸಿ, ನೆರಳಿಗೆ ಕಟ್ಟಿ, ಮೈಮ್ಯಾಲ ನೀರ ಹೊಡೀಬೇಕು."

"ಮನಷ್ಯಾರದೂ ಹಂಗ ಐತ್ರಿ. ಹೆಜ್ಜಿ ತಪ್ಪತೈತಿ. ಮಾತ ತಪ್ಪತೈತಿ. ಒಂದ ಫರಕ ಅಷ್ಟ. ಎತ್ತ ಸೋತ್ರ ತಾನ ನಿಂತ ಬಿಡತೈತಿ. ಮನಷ್ಯಾ ಮಂದಿ ನೋಡಾಕತ್ತಾರಂತ ನಿಂದ್ರೂದ ಇಲ್ರಿ. ಬಳಗದವ್ರು ಡಾಕ್ಟರನ್ನ ಇಟ್ಟಾರು, ಆದ್ರ ರಸ್ತೆ ತುಂಬ ಡಾಕ್ಟರ್ ನಿಂದ್ರಾಕ ಆಗತೈತೇನ್ರಿ? ಅದಕ್ಕ ನಿಮ್ಮಂಥಾವ್ರ ಕಣ್ಣ ಬೇಕ್ರಿ."

ಕಾಕಾ ಬಾಯಲ್ಲಿದ್ದುದನ್ನು ಉಗುಳಿ ಬಂದ. "ಅಂದ್ರ ನೋಡಾವ್ರ ಕೆಲಸಾನೂ ಐತಿ ಅನ್ನು."

"ದೊಡ್ಡ ಕೆಲಸ ಐತ್ರಿ."

ಆಗಲೇ ಅಂಗಡಿ ಮುಚ್ಚಿ ಸಂಗನಬಸವ ಬಂದ. ವಿಷಯ ತಿಳಿದು ಅಪ್ಪನ ಎದುರಿಗೆ ಕೂತ. ಆಮೇಲೆ ನೆಲ ನೋಡುತ್ತಲೇ ಹೇಳಿದ. "ಯಪ್ಪಾ, ನೀ ಬರೂದು ಬಿಡೂದು ನಿನ್ನ ಖುಷಿ. ಬಂದ್ರ ನನಗ ಛಲೋ ಅನಸ್ತೈತಿ. ಆದ್ರ ಒಂದ ಮಾತ. ನಿಂದ್ರು ಅಂತ ಮಾತ್ರ ಅನಬ್ಯಾಡ."

ಕಾಕಾನ ಮುಖ ಸಣ್ಣದಾಯಿತು. "ಅನ್ನೂದಿಲ್ಲ ಬಿಡಪಾ," ಎಂದ. ಆಣೆ ಪ್ರಮಾಣ ಏನೂ ಆಗಲಿಲ್ಲ. ಆದರೆ ಅದು ಎಂಥ ಮಾತು ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಗುರಲಿಂಗಪ್ಪ ಕಾಕಾನ ಸ್ವಭಾವ ನಿಮಗೆ ಗೊತ್ತಿಲ್ಲ. ಅವನು ಒಂದು ಕೆಲಸಕ್ಕೆ ಒಪ್ಪುವವರೆಗೆ ಜಗ್ಗುವುದಿಲ್ಲ, ಒಪ್ಪಿದ ಮೇಲೆ ಅವನನ್ನು ಹಿಡಿಯುವುದು ಆಗುವುದಿಲ್ಲ. ಓಟದ ದಿನ ನಸುಕಿನ ಐದೂವರೆಗೆ ವಿಜಯಪುರದಲ್ಲಿ ಓಟ ಶುರುವಾಯಿತು. ಆರು ಗಂಟೆಗೆ ನಾನು ಮತ್ತು ಸುಧಾರಾಣಿ ಬೇವಿನ ಮರದ ಹತ್ತಿರ ಹೋಗಿ ನೋಡಿದರೆ, ರಸ್ತೆಯ ಅಂಚಿಗೆ ಕಾಕಾನ ಟ್ರ್ಯಾಕ್ಟರ್ ನಿಂತಿದೆ. ಅದರ ಹಿಂದೆ ದ್ರಾಕ್ಷಿಗೆ ಔಷಧ ಸಿಂಪಡಿಸುವ ಬ್ಲೋವರ್. ಕಾಕಾ ಹೊಸ ಟೋಪಿ ಹಾಕಿಕೊಂಡು ಸೀಟಿನ ಮೇಲೆ ಕೂತಿದ್ದಾನೆ.

"ಇದೇನ್ರಿ ಕಾಕಾ?"

"ನೀನ ಹೇಳಿದಿಯಲ್ಲ, ಮನಷ್ಯಾರದೂ ಎತ್ತಿನಂಗ ಅಂತ. ಮೈಮ್ಯಾಲ ನೀರ ಬಿದ್ರ ತಂಪ ಆಗತೈತಿ. ಒಂದೊಂದ ಚರಿಗಿ ಹಿಡದು ಯಾರಿಗಂತ ಸುರವ್ತಿ? ಆರನೂರ ಲೀಟರ್ ತುಂಬೇನಿ. ಚಾಲೂ ಮಾಡಿದ್ರ ಮಂಜ ಬಿದ್ದಂಗ ಬೀಳತೈತಿ, ಎಲ್ಲಾರೂ ತೋಯ್ಕೊಂಡ ಹೋಗ್ತಾರ."

ಸುಧಾರಾಣಿ ಸೆರಗು ಮೂಗಿಗೆ ಹಿಡಿದು ಟ್ಯಾಂಕಿನ ಹತ್ತಿರ ಹೋದಳು. "ಇದರಾಗ ಹೋದ ವಾರ ಏನ ಹಾಕಿದ್ರಿ?"

"ಔಷಧಾನ. ಮೂರ ಸಲ ತೊಳದೇನಿ."

"ಮುಚ್ಚಳ ತಗದು ನೀವ ಒಂದ ಸಲ ವಾಸನಿ ನೋಡ್ರಿ."

ಕಾಕಾ ಮುಚ್ಚಳ ತೆಗೆದು ಬಗ್ಗಿದ. ಬಗ್ಗಿದವನೇ ಹಿಂದಕ್ಕೆ ಸರಿದ.

"ಓಡಾವ್ರು ಬಾಯಿ ತಗದು ಉಸರ ಎಳಕೊಂತ ಬರ್ತಾರ್ರಿ. ನೀವ ಹೊಡದ ಮಂಜ ಸೀದಾ ಪುಪ್ಪುಸಕ್ಕ ಹೋಗತೈತಿ. ಮೂರ ಅಲ್ಲ, ಮೂವತ್ತ ಸಲ ತೊಳದ್ರೂ ಔಷಧದ ಟ್ಯಾಂಕಿನ ನೀರ ಮನಷ್ಯಾರ ಮೈಗೆ ಬ್ಯಾಡ್ರಿ. ಔಷಧದ ಡಬ್ಬಿ, ಬಕೇಟು, ಅಳತಿ ಮಗ್ಗಾ ಯಾವುದೂ ಬ್ಯಾಡ."

ದ್ರಾಕ್ಷಿ ಬೆಳೆಯುವ ನಮ್ಮಂಥವರಿಗೆ ಮಾತ್ರ ಹೊಳೆಯುವ ಉಪಚಾರ ಅದು. ಪ್ರೀತಿಯಿಂದಲೇ ಹೊಳೆದದ್ದು, ಆದರೆ ವಿಷದ ಉಪಚಾರ. ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡ. ಟ್ರ್ಯಾಕ್ಟರನ್ನು ಶೆಡ್ಡಿನ ಹಿಂದೆ ಬಿಟ್ಟು, ಕೈಕಾಲನ್ನು ಸೋಪು ಹಚ್ಚಿ ತೊಳೆದು ಬಂದು, ಕುಡಿಯುವ ನೀರಿನ ಕೊಡಗಳನ್ನು ಒಂದೊಂದಾಗಿ ಹೊತ್ತು ತಂದ. ಹನ್ನೆರಡು ಕೊಡ. ಅವನ ಮೇಲೆ ನನಗೆ ಆವತ್ತು ಬಹಳ ಮಮತೆ ಬಂತು.

ಆರೂಮುಕ್ಕಾಲರ ಹೊತ್ತಿಗೆ ಮೊದಲಿನವರು ಬಂದು ದಾಟಿದರು. ತಂಪು ಹೊತ್ತು, ಎಲ್ಲರೂ ನಗುತ್ತಲೇ ಇದ್ದರು. ಎದೆಯ ಮೇಲಿನ ಚೀಟಿಯಲ್ಲಿ ನಂಬರಿನ ಜೊತೆ ಹೆಸರೂ ಇತ್ತು. ಆರತಿ ಹೆಸರು ಓದಿ ಓದಿ ಕೂಗಿದಳು. ತನ್ನ ಹೆಸರು ಕೇಳಿದವರೆಲ್ಲ ತಿರುಗಿ ನೋಡಿ ಕೈ ಬೀಸಿದರು. ಸಂಗನಬಸವ ನೀಲಿ ಬನಿಯನ್ನಿನಲ್ಲಿ ಬಂದ. ಅಪ್ಪ ಮರದ ಕೆಳಗೆ ನಿಂತದ್ದನ್ನು ಕಂಡು ಅವನ ಮುಖ ಅರಳಿತು. ಕಾಕಾ ಎರಡೂ ಅಂಗೈ ಎತ್ತಿ, ರೇಣುಕವ್ವ ರೊಟ್ಟಿ ಬಡಿಯುವ ಹಾಗೆ ಮೆತ್ತಗೆ ಬಡಿದ. ಸಪ್ಪಳವೇ ಆಗಲಿಲ್ಲ.

"ಜೋರ ಹೊಡೀರಿ, ಹಿಟ್ಟೇನ ಹರಿಯೂದಿಲ್ಲ," ಎಂದಳು ರೇಣುಕವ್ವ.

ಕಾಕಾ ಜೋರಾಗಿಯೇ ಹೊಡೆದ. "ಸಂಗಣ್ಣಾ! ಬರ್ಲಿ ಬರ್ಲಿ!" ಎಂದು ಕೂಗಿದ. ಮಗ ದೂರ ಹೋಗಿ ಕಾಣದಾದ ಮೇಲೂ ಹೊಡೆಯುತ್ತಿದ್ದ.

ಎಂಟೂವರೆಗೆ ಹಿಂದಿರುಗುವವರು ಬರತೊಡಗಿದರು. ಆಗ ಬಿಸಿಲಿಗೆ ಬಲ ಬಂದಿತ್ತು. ಈ ವರ್ಷ ಫೆಬ್ರುವರಿಯಲ್ಲೇ ಏಪ್ರಿಲ್ಲಿನ ಝಳ. ಡಾಂಬರಿನ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ. ಹೋಗುವಾಗ ನಕ್ಕವರ ಮುಖದಲ್ಲಿ ಈಗ ನಗು ಇರಲಿಲ್ಲ. ನಮ್ಮೂರಿನ ಜನ ಅಷ್ಟರಲ್ಲಿ ನಲವತ್ತು ಐವತ್ತು ಕೂಡಿದ್ದರು. ಸುಧಾರಾಣಿ ಎಲ್ಲರನ್ನೂ ಡಾಂಬರು ಬಿಟ್ಟು ಮಣ್ಣಿನ ಮೇಲೆ ನಿಲ್ಲಿಸಿದಳು. ಮಕ್ಕಳನ್ನೂ ಮುದುಕರನ್ನೂ ನೆರಳಿಗೆ ಕಳಿಸಿ, "ನೋಡಾವ್ರೂ ತಾಸಿಗೊಮ್ಮಿ ನೀರ ಕುಡೀರಿ. ನೀವ ಬಿದ್ರ ಓಡಾವ್ರನ್ನ ಯಾರ ನೋಡ್ತಾರ?" ಎಂದು ಗದರಿದಳು.

ಕಬ್ಬಿನ ಹಾಲಿನ ಗಾಡಿಯ ತೌಸೀಫ ಆವತ್ತು ವ್ಯಾಪಾರ ಬಿಟ್ಟು ತನ್ನ ಐಸಿನ ಪೆಟ್ಟಿಗೆ ಸಮೇತ ಅಲ್ಲಿಗೇ ಬಂದಿದ್ದ. ಸೌಭಾಗ್ಯ ಉಪ್ಪು ಹಾಕಿದ ತೆಳು ಮಜ್ಜಿಗೆ ಮಾಡಿದ್ದಳು, ಕಲ್ಲಂಗಡಿಯನ್ನು ಸಣ್ಣ ಸಣ್ಣ ಹೋಳು ಮಾಡಿದ್ದಳು. ರೇಣುಕವ್ವನಿಗೆ ಮಾತ್ರ ಇದು ಉಪಚಾರವೇ ಅನ್ನಿಸಲಿಲ್ಲ. ಮನೆ ಮುಂದೆ ಹಾದು ಹೋಗುವವರನ್ನು ಹಸಿದು ಕಳಿಸುವುದೆಂದರೇನು! ಶೇಂಗಾ ಹೋಳಿಗೆ ತಟ್ಟಿ ತಂದಿದ್ದಳು. ಒಬ್ಬ ಮಾಸ್ತರರ ಕೈ ಹಿಡಿದು ನಿಲ್ಲಿಸಿ, "ಅರ್ಧಾ ಆದ್ರೂ ತಿನ್ರಿ, ನನ್ನಾಣಿ," ಎಂದಳು. ಆ ಮಾಸ್ತರರು ಕೈ ಮುಗಿದು, "ಯವ್ವಾ, ನಿಂತ್ರ ಮತ್ತ ಕಾಲ ಏಳೂದಿಲ್ಲ, ಬಿಡಬೇ," ಎಂದು ಕೈ ಬಿಡಿಸಿಕೊಂಡು ಓಡಿದರು. ಆಮೇಲೆ ಸುಧಾರಾಣಿ ಹೇಳಿಕೊಟ್ಟಳು. ಕೈ ಚಾಚಿ ಹಿಡಿಯಬೇಕು, ಬೇಕಾದವರು ಎತ್ತಿಕೊಳ್ಳುತ್ತಾರೆ. ಮೈಮೇಲೆ ನೀರು ಹಾಕುವ ಮೊದಲು "ಹಾಕಲೇನ್ರಿ?" ಎಂದು ಕೇಳಬೇಕು, ಯಾಕೆಂದರೆ ಬೂಟು ತೊಯ್ದರೆ ಕಾಲಿಗೆ ಬೊಬ್ಬೆ ಏಳುತ್ತದೆ.

ಇನ್ನೊಂದು ನಮ್ಮ ಕಡೆಯ ರೂಢಿ. ದಾರಿ ಕೇಳಿದವರಿಗೆ ಎಷ್ಟೇ ದೂರ ಇದ್ದರೂ "ಇಲ್ಲೇ ಐತಿ" ಅನ್ನುವುದು. ನಾವೆಲ್ಲ "ಇಲ್ಲೇ ಬಂತ ನೋಡ್ರಿ ಊರು!" ಎಂದು ಕೂಗುತ್ತಿದ್ದೆವು. ಬ್ಯಾಂಕಿನ ಅಕ್ಕ ಅದನ್ನು ನಂಬಿ ಒಮ್ಮೆಲೇ ಜೋರಾಗಿ ಓಡಿ, ತಿರುವಿನಾಚೆ ಖಾಲಿ ರಸ್ತೆ ಕಂಡು ಸೊಂಟಕ್ಕೆ ಕೈ ಇಟ್ಟು ನಿಂತುಬಿಟ್ಟಳು. ಸೌಭಾಗ್ಯ ಅದನ್ನು ನೋಡಿ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದಳು: "ಮೂವತ್ತ ಮುಗದೈತಿ. ಹನ್ನೆರಡ ಉಳದೈತಿ. ಆರಾಮ ಹೋಗ್ರಿ." ಅದನ್ನು ಓದಿದವರು ತಲೆಯಾಡಿಸಿ ತಮ್ಮ ಓಟದ ಗತಿ ತಾವು ನೋಡಿಕೊಂಡು ಹೋದರು.

ಸಂಗನಬಸವ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬರಬೇಕಾಗಿತ್ತು. ಒಂಬತ್ತೂವರೆ ಆಯಿತು. ಸೌಭಾಗ್ಯ ಮೊಬೈಲಿನಲ್ಲಿ ಹೊತ್ತು ನೋಡುವುದು, ರಸ್ತೆ ನೋಡುವುದು. ಒಂಬತ್ತು ನಲವತ್ತಕ್ಕೆ ನೀಲಿ ಬನಿಯನ್ ಕಾಣಿಸಿತು.

ಜನರೆಲ್ಲ ಒಮ್ಮೆಲೇ ಎದ್ದರು. ನಮ್ಮೂರಿನ ಒಬ್ಬನೇ ಒಬ್ಬ ಓಟಗಾರ! ಹುಡುಗರು ಸಿಳ್ಳೆ ಹೊಡೆದರು. ನಾನು ನನ್ನ ಗಂಟಲು ಹರಿಯುವಂತೆ ಕೂಗಿದೆ. "ಓಡು ಸಂಗಣ್ಣಾ, ಬಿಡಬ್ಯಾಡ! ಓಡು!" ಅವನು ರಸ್ತೆಯ ಈ ಅಂಚಿಗೆ ಬರುತ್ತಿದ್ದ, ಮತ್ತೆ ಆ ಅಂಚಿಗೆ ಹೋಗುತ್ತಿದ್ದ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ದಣಿವು ಎಂದುಕೊಂಡೆ. ಇನ್ನೂ ಜೋರಾಗಿ ಕೂಗಿದೆ. ನನ್ನ ತಪ್ಪು ಅದೇ.

ಕಾಕಾ ಮಾತ್ರ ಚಪ್ಪಾಳೆ ನಿಲ್ಲಿಸಿದ್ದ.

"ಸುಧಾರಾಣಿ," ಎಂದ. "ಹೆಜ್ಜಿ ನೋಡು."

"ನೋಡೇನ್ರಿ. ಜೋಡಿ ನಡಕೊಂತ ಹೋಗಿ ಮಾತಾಡಸ್ರಿ. ಗೊತ್ತಿದ್ದದ್ದ ಏನರ ಕೇಳ್ರಿ."

ಕಾಕಾ ಮಗನ ಪಕ್ಕ ಓಡುನಡಿಗೆಯಲ್ಲಿ ಸೇರಿಕೊಂಡ. ನಾವೂ ಹಿಂದೆ ಹೋದೆವು. ಸಂಗನಬಸವನ ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಮೈಯಲ್ಲಿ ಬೆವರು ಹರಿಯುತ್ತಿತ್ತು. ಬೆವರುತ್ತಿದ್ದಾನೆ, ಅಂದಮೇಲೆ ಭಯವಿಲ್ಲ ಎಂದುಕೊಂಡಿದ್ದೆ. ಅದೂ ತಪ್ಪು ಎಂದು ಆಮೇಲೆ ತಿಳಿಯಿತು.

"ಸಂಗಣ್ಣಾ, ನಿನ್ನ ಮಗಳ ಹೆಸರೇನಪಾ?"

ಸಂಗನಬಸವ ಮತ್ತೆ ರಸ್ತೆಯ ಆ ಅಂಚಿಗೆ ವಾಲಿದ.

"ನಿನ್ನ ಮಗಳು. ಆಕಿ ಹೆಸರ ಹೇಳು."

"ಮೋಟರ್ ಬಂದ್ ಮಾಡ್ರಿ," ಎಂದ ಸಂಗನಬಸವ. "ಸುಡಾಕತ್ತೈತಿ... ಯಾರೂ ಬಂದ್ ಮಾಡವಲ್ರು..."

ಹಿಂದಿನಿಂದ ಯಾರೋ ಕೂಗಿದರು. "ಬಿಡ್ರಿ ಕಾಕಾ, ಅಡ್ಡ ಬರಬ್ಯಾಡ್ರಿ! ಇಷ್ಟ ಬಂದಾನ, ಮುಗಸ್ಲಿ!"

ಕಾಕಾ ನಮ್ಮ ಕಡೆ ಒಮ್ಮೆ ನೋಡಿದ. ಆ ಮುಖ ನಾನು ಮರೆಯುವುದಿಲ್ಲ. ಹದಿನೆಂಟು ವರ್ಷದ ಮೇಲೆ ಮಗ ಒಂದು ಮಾತು ಕೇಳಿದ್ದ, ಅಪ್ಪ ಕೊಟ್ಟಿದ್ದ. ಈಗ ಅದನ್ನು ಅದೇ ಮರದ ಎದುರಿಗೆ, ಇಡೀ ಊರು ನೋಡುತ್ತಿರುವಾಗ ಮುರಿಯಬೇಕಾಗಿತ್ತು.

ಮುಂದೆ ಹೋಗಿ ಎರಡೂ ತೋಳಿನಲ್ಲಿ ಮಗನನ್ನು ಹಿಡಿದ. "ನಿಂದ್ರು," ಎಂದ. "ಸಾಕು. ನಿಂದ್ರು ನನ್ನಪ್ಪಾ."

ಸಂಗನಬಸವ ಕೊಸರಿದ. ಯಾರ ಗುರುತೂ ಸಿಗದವನಿಗೆ ಆ ಮಾತಿನ ಗುರುತು ಮಾತ್ರ ಸಿಕ್ಕಿತು. "ಮತ್ತ ನಿಲ್ಲಸ್ತಿ ಏನಪಾ ನನ್ನ," ಎಂದ. ಸಣ್ಣ ಹುಡುಗನ ದನಿ.

"ಹೂಂ ಮಗನ, ಮತ್ತ ನಿಲ್ಲಸಾಕತ್ತೇನಿ," ಎಂದ ಕಾಕಾ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಿಡಿದ ಕೈ ಬಿಡಲಿಲ್ಲ. ಮಗನ ಕಾಲು ಅಲ್ಲೇ ಕುಸಿದವು.

ನಾಲ್ಕು ಜನ ಎತ್ತಿ ಬೇವಿನ ನೆರಳಿಗೆ ತಂದೆವು. ಮೈ ಕಾದ ಹಂಚು. ರೇಣುಕವ್ವ ಅಳುತ್ತ ಚರಿಗೆ ಎತ್ತಿ ಮಗನ ಬಾಯಿಗೆ ಹಿಡಿಯಲು ಹೋದಳು. ಸುಧಾರಾಣಿ ತಡೆದಳು. "ಕಾಕಿ, ಬಾಯಿಗೆ ಹಾಕಬ್ಯಾಡ್ರಿ, ಉಸರಿನ ದಾರಿಗೆ ಹೋಗತೈತಿ. ಮೈಮ್ಯಾಲ ಹಾಕ್ರಿ, ಎಲ್ಲಾ ನೀರ ಮೈಮ್ಯಾಲ ಹಾಕ್ರಿ!" ಯಾರೋ ಮೂಗಿಗೆ ಉಳ್ಳಾಗಡ್ಡಿ ತಂದಿದ್ದರು, ಅದನ್ನು ಅವಳು ಕಿತ್ತು ಆಚೆ ಎಸೆದಳು. ಬೂಟು ಬನಿಯನ್ ತೆಗೆಸಿದಳು. ಸೌಭಾಗ್ಯ ನೂರಾ ಎಂಟಕ್ಕೆ ಫೋನ್ ಮಾಡಿ, "ಟಿಕೋಟಾ ರೋಡ್, ಅರಕೇರಿ, ಬೇವಿನ ಗಿಡದ ಹತ್ರ, ಬಿಸಲ ಬಡದೈತಿ, ಎಚ್ಚರ ತಪ್ಪಾಕತ್ತಾರ," ಎಂದು ಸ್ಪಷ್ಟವಾಗಿ ಹೇಳಿದಳು.

ತೌಸೀಫ ಐಸಿನ ಗಡ್ಡೆಯನ್ನು ಒಡೆದು ಟಾವೆಲ್ಲಿನಲ್ಲಿ ಕಟ್ಟಿದ. "ಎಲ್ಲಿ ಇಡಲಿ ಅಕ್ಕಾ?"

"ಕುತಗಿ, ಎರಡೂ ಬಗಲು, ತೊಡಿ ಸಂದ್ಯಾಗ. ನಾಚಬ್ಯಾಡ, ಇಡು."

ಕಾಕಾ ಒಂದರ ಹಿಂದೆ ಒಂದು ಕೊಡ ಎತ್ತಿ ಮಗನ ಮೇಲೆ ಸುರಿದ. ಹೆಂಗಸರು ಸೀರೆಯ ಸೆರಗು, ಟಾವೆಲ್, ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಐಸಿನ ನೀರಿನಲ್ಲಿ ಅದ್ದಿ ಹೊದಿಸಿ, ಬಿಸಿಯಾದ ಕೂಡಲೇ ತೆಗೆದು ಮತ್ತೆ ಅದ್ದಿದರು. ನಾನು ರಟ್ಟು ಹಿಡಿದು ಗಾಳಿ ಬೀಸಿದೆ. ಕೂಗಾಡಿದ ಬಾಯಿ ಆವಾಗ ಮುಚ್ಚಿತ್ತು. ಆಂಬ್ಯುಲೆನ್ಸ್ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೂ ಯಾರೂ ಕೈ ನಿಲ್ಲಿಸಲಿಲ್ಲ.

ದೂರದಲ್ಲಿ ಸೈರನ್ ಕೇಳಿಸುವ ಹೊತ್ತಿಗೆ ಸಂಗನಬಸವ ಕಣ್ಣು ಹೊರಳಿಸಿದ. "ಆರತಿ," ಎಂದ. "ಆರತಿ ಎಲ್ಲಿ?"

ರೇಣುಕವ್ವ ಮೊಮ್ಮಗಳನ್ನು ಎತ್ತಿ ಮಗನ ಮುಂದೆ ಕೂರಿಸಿ, ಆ ಮಣ್ಣಿನಲ್ಲೇ ಕೂತು ಜೋರಾಗಿ ಅತ್ತಳು. ನಾವೆಲ್ಲರೂ ಅತ್ತೆವು. ಅದರಲ್ಲಿ ನಾಚಿಕೆ ಏನಿದೆ?

ಸಂಜೆ ನಾನು ಸೌಭಾಗ್ಯಳ ಜೊತೆ ವಿಜಯಪುರದ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಮೇಡಮ್ ಹೇಳಿದರು. ಬಿಸಿಲು ತಲೆಗೇರಿದಾಗ ಮೊದಲ ಅರ್ಧ ತಾಸಿನಲ್ಲಿ ಮೈ ತಣ್ಣಗೆ ಮಾಡಿದರೆ ಮನುಷ್ಯ ಉಳಿಯುತ್ತಾನೆ, ತಡವಾದರೆ ಮೂತ್ರಪಿಂಡ, ಮೆದುಳು ಎಲ್ಲವೂ ಕೆಡುತ್ತವೆ. "ಇನ್ನೊಂದೆರಡು ಕಿಲೋಮೀಟರ್ ಓಡಿದ್ದರೆ ನಾನು ಈ ಮಾತು ನಿಮಗೆ ಹೇಳುತ್ತಿರಲಿಲ್ಲ," ಎಂದರು. ಕಾಕಾ ಗೋಡೆಗೆ ಆತು ನಿಂತು ಕೇಳಿಸಿಕೊಂಡ.

ಒಳಗೆ ಸಂಗನಬಸವ ಎಚ್ಚರವಾಗಿದ್ದ. ಕಾಕಾ ಮಂಚದ ಹತ್ತಿರ ಹೋಗಲಿಲ್ಲ, ಬಾಗಿಲಲ್ಲೇ ನಿಂತ. ತಪ್ಪು ಮಾಡಿದವರ ಹಾಗೆ ನಿಂತಿದ್ದ.

"ಸಂಗಣ್ಣಾ, ಮಾತ ಉಳಸ್ಕೊಳ್ಳಾಕ ಆಗಲಿಲ್ಲಪಾ," ಎಂದ.

ಸಂಗನಬಸವ ಅಪ್ಪನ ಕಡೆ ತಿರುಗಿದ. "ಆವಾಗ ನಿಲ್ಲಸಿದಾಗ ನಿನಗ ತ್ವಾಟ ಕಾಣತಿತ್ತು ಯಪ್ಪಾ. ಇವತ್ತ ನಿನಗ ನಾ ಕಂಡೇನಿ," ಎಂದ. ಆಮೇಲೆ ಕೈ ಚಾಚಿದ. "ಮುಂದಿನ ಸಲ ತಂಪ ಹೊತ್ತಿನ್ಯಾಗ, ಇಪ್ಪತ್ತೊಂದ ಅಷ್ಟ ಓಡ್ತೇನಿ. ನನ್ನ ದಾರಿಗೆ ನೀನ ಇರಬೇಕು. ಬ್ಯಾರೆ ಯಾರೂ ಬ್ಯಾಡ."

ಕಾಕಾ ಆ ಕೈ ಹಿಡಿದುಕೊಂಡು ಮಂಚದ ಅಂಚಿಗೆ ಕೂತ. ನಾವು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ರಸ್ತೆಯಲ್ಲೂ ನಾಳೆ ಯಾರಾದರೂ ಓಡಿಕೊಂಡು ಬರಬಹುದು. ದಯವಿಟ್ಟು ಮನೆಯೊಳಗೆ ಕೂರಬೇಡಿ, ಬನ್ನಿ. ಹೆಸರು ಓದಿ ಕೂಗಿ. ಶುದ್ಧ ನೀರು, ಉಪ್ಪಿನ ಮಜ್ಜಿಗೆ ಕೈ ಚಾಚಿ ಹಿಡಿಯಿರಿ. ದೂರ ಎಷ್ಟಿದೆಯೋ ಅಷ್ಟೇ ಹೇಳಿ. ನಿಮ್ಮ ತಲೆಯ ಮೇಲೂ ಒಂದು ಟಾವೆಲ್ ಇರಲಿ. ಚಪ್ಪಾಳೆ ಹೊಡೆಯುತ್ತಲೇ ಅವರ ಹೆಜ್ಜೆ ನೋಡಿ, ಮಾತು ಕೇಳಿ. ಹೆಜ್ಜೆ ತಪ್ಪಿದರೆ, ಮಾತು ತಪ್ಪಿದರೆ, ಬೆವರುತ್ತಿದ್ದರೂ ಸರಿಯೇ, ಹಿಡಿದು ನಿಲ್ಲಿಸಿ. ನೆರಳಿಗೆ ತನ್ನಿ, ಮೈಯೆಲ್ಲ ತೋಯಿಸಿ, ಐಸ್ ಇಡಿ, ನೂರಾ ಎಂಟಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಕೈ ನಿಲ್ಲಿಸಬೇಡಿ. ಓಟಗಾರರಿಗಷ್ಟೇ ಅಲ್ಲ, ಹೊಲದಲ್ಲಿ ಬಿದ್ದ ಆಳಿಗೂ, ಕುರಿ ಕಾಯುವವರಿಗೂ ಇದೇ ಉಪಚಾರ.

ಮತ್ತೆ, ನಾಲ್ಕು ಜನರ ಎದುರಿಗೆ ನಿಲ್ಲಿಸಿದರೆ ಅವರು ಏನೆಂದುಕೊಂಡಾರು ಎಂದು ಹಿಂದೆಗೆಯಬೇಡಿ. ಸಿಟ್ಟಾದರೆ ಆಗಲಿ. ಸಿಟ್ಟಾಗಲಿಕ್ಕಾದರೂ ಮನುಷ್ಯ ಬದುಕಿರಬೇಕಲ್ಲ.